ಎಲೆಗೆ ಬಳಿದ ಹಸಿರು

ನಿಂಬೆ ಗಿಡ ಮನೆಗೆ ವಾಪಸು ಬಂದಾಗ ಅದರ ತುಂಬ ಹಳದಿ ಹಣ್ಣು ತೂಗುತ್ತಿದ್ದವು. ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಇಲ್ಲಿಂದ ಹೋಗುವಾಗ ಅದರಲ್ಲಿ ಇದ್ದದ್ದು ಒಂದೇ ಕಾಯಿ, ಅದೂ ಗೋಲಿಯಷ್ಟು ದಪ್ಪ.

ಮಗಳು ಬೆನ್ನ ಮೇಲಿನ ಶಾಲೆಯ ಚೀಲವನ್ನೂ ಇಳಿಸದೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳಿಗೆ ಒಂಬತ್ತು ವರ್ಷ. ಆಳು ಚಿಕ್ಕದು, ಮಾತು ಖಾರ, ಹಾಗಾಗಿ ಮನೆಯಲ್ಲಿ ಎಲ್ಲರೂ ಅವಳನ್ನು ಮೆಣಸು ಅಂತಲೇ ಕರೆಯುವುದು. ಆ ಗಿಡ ಅವಳದು. ಮೂರು ವರ್ಷದವಳಿದ್ದಾಗ ಒಂದು ನಿಂಬೆ ಬೀಜ ನುಂಗಿಬಿಟ್ಟಿದ್ದಳು. ಹೊಟ್ಟೆಯಲ್ಲಿ ಗಿಡ ಬರುತ್ತದೆ ಅಂತ ಅವರಪ್ಪ ಹೆದರಿಸಿದ್ದಕ್ಕೆ, ಬಾಯಲ್ಲಿ ಉಳಿದಿದ್ದ ಬೀಜಗಳನ್ನೆಲ್ಲ ಉಗಿದು, ಹಿಡಿ ಮುರಿದ ಬಕೆಟ್ಟಿನ ಮಣ್ಣಿಗೆ ತುರುಕಿ, "ಅಲ್ಲೇ ಬರಲಿ, ನನ್ನ ಹೊಟ್ಟೇಲಿ ಬೇಡ" ಅಂದಿದ್ದಳು. ಬಂದದ್ದು ಒಂದೇ ಗಿಡ. ಇಷ್ಟು ವರ್ಷ ಬರೀ ಎಲೆ ಮತ್ತು ಮುಳ್ಳು. ಈ ಸಲ ಮೊದಲ ಬಾರಿಗೆ ಹೂ ಬಿಟ್ಟಿತು. ಹೂವೆಲ್ಲ ಉದುರಿ ಒಂದು ಕಾಯಿ ನಿಂತಿತು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ಅದರ ಗಾತ್ರ ಹೇಳುವುದು ಮೆಣಸಿನ ಕೆಲಸ. ಮೊದಲು ಬಟಾಣಿ, ಆಮೇಲೆ ಅಂಗಿಯ ಗುಂಡಿ, ಆಮೇಲೆ ಗೋಲಿ.

"ಅಮ್ಮಾ, ಇಷ್ಟು ಬೇಗ ಹಣ್ಣಾಗಿದೆ," ಅಂದಳು ಮೆಣಸು. ಒಂದು ಹಣ್ಣನ್ನು ಮೆಲ್ಲಗೆ ಎತ್ತಿ ನೋಡಿದಳು. ಅದರ ತೊಟ್ಟಿಗೆ ಸಣ್ಣ ತಂತಿ ಸುತ್ತಿತ್ತು. ಮುಂದಿನದಕ್ಕೂ ತಂತಿ. ಅದರಾಚೆಯದಕ್ಕೂ.

ಬಾಗಿಲಲ್ಲಿ ಗಿಡ ತಂದವನು ಕತ್ತಿನ ಹಿಂದೆ ಕೆರೆದುಕೊಳ್ಳುತ್ತ ನಿಂತಿದ್ದ.

ಅವನು ನಮ್ಮ ಕಟ್ಟಡದ ಕೆಳಮನೆಯವನು. ಜಾಹೀರಾತು ಚಿತ್ರ ತೆಗೆಯುವವರಿಗೆ ಬೇಕಾದ ಸಾಮಾನು ಒದಗಿಸುವುದು ಅವನ ಕೆಲಸ. ಮಕ್ಕಳ ಬಾಯಲ್ಲಿ ಅವನು ಸಾಮಾನು ಮಾಮ. ಮೇಲಿನ ಮನೆಯವರ ಸೋಫಾ ಅವನ ದೆಸೆಯಿಂದ ಮೂರು ಸಲ ಟಿವಿಯಲ್ಲಿ ಬಂದಿದೆ. ಒಮ್ಮೆ ಎದುರುಮನೆಯ ಅಜ್ಜನನ್ನೇ ಕರೆದುಕೊಂಡು ಹೋಗಿ ವಿಮೆಯ ಜಾಹೀರಾತಿಗೆ ಕೂರಿಸಿದ್ದ. ಅಜ್ಜ ಇವತ್ತಿಗೂ ಅದೇ ನಗುವಿಟ್ಟುಕೊಂಡು ಓಡಾಡುತ್ತಾರೆ.

ಈ ಸಲದ್ದು ಎಸಿ ಕಂಪನಿಯ ಜಾಹೀರಾತು. ಅವರು ಮಾರುವ ಪ್ರತಿ ಎಸಿಗೂ ಎಲ್ಲೋ ಒಂದಿಷ್ಟು ಸಸಿ ನೆಡುತ್ತಾರಂತೆ. ಎಸಿ ತಿನ್ನುವ ಕರೆಂಟಿನಿಂದ ಗಾಳಿಗೆ ಸೇರುವ ಇಂಗಾಲವನ್ನು ಆ ಸಸಿಗಳು ಹೀರಿಕೊಂಡು ಲೆಕ್ಕ ಸೊನ್ನೆಯಾಗುತ್ತದಂತೆ. ಆದ್ದರಿಂದ ಜಾಹೀರಾತಿನ ಮನೆಯ ತುಂಬ ಗಿಡ ಬೇಕು.

"ಪ್ಲಾಸ್ಟಿಕ್ ಗಿಡ ಇಟ್ರೆ ಆಗಲ್ವೇನಪ್ಪಾ?" ಅಂತ ಅವತ್ತೇ ಕೇಳಿದ್ದೆ.

"ಪರಿಸರದ ಜಾಹೀರಾತು ಅಕ್ಕಾ, ಪ್ಲಾಸ್ಟಿಕ್ ಅಂತ ಗೊತ್ತಾದ್ರೆ ಜನ ಉಗೀತಾರೆ. ಎರಡೇ ದಿನ. ಮಗು ಥರ ನೋಡ್ಕೋತೀನಿ."

ಟಿವಿಯಲ್ಲಿ ತನ್ನ ಗಿಡ ಬರುತ್ತದೆ ಅನ್ನುವ ಹೆಮ್ಮೆಗೆ ಮೆಣಸೇ ಎಲೆಗಳನ್ನೆಲ್ಲ ಒರೆಸಿ, ಕಾಯಿ ಇದ್ದ ಕೊಂಬೆಯನ್ನು ತೋರಿಸಿ, "ಮಾಮ, ಇದನ್ನ ಮುಂದಕ್ಕೆ ಮಾಡಿ ಇಡಿ" ಅಂತ ಹೇಳಿ ಕಳಿಸಿದ್ದಳು.

ಈಗ ಎದ್ದು ನಿಂತು ಅದನ್ನೇ ಕೇಳಿದಳು. "ಮಾಮ, ನನ್ನ ಕಾಯಿ?"

"ಅದು ಕ್ಯಾಮೆರಾಗೆ ಕಾಣಿಸ್ತಿರಲಿಲ್ಲ ಪುಟ್ಟಾ. ಎಲೇನೂ ಹಸಿರು, ಕಾಯೀನೂ ಹಸಿರು. ಅಂಗಡಿ ಹಣ್ಣು ಕಟ್ಟೋಣ ಅಂದ್ರು. ತಂತಿ ಸುತ್ತೋವಾಗ ಯಾರೋ ಕಿತ್ತುಬಿಟ್ರು."

"ಕಿತ್ತು ಎಲ್ಲಿಟ್ರು?"

ಅವನು ನನ್ನ ಮುಖ ನೋಡಿದ. "ಗುಡಿಸಿರ್ತಾರೆ," ಅಂದ.

ಮೆಣಸು ಅಳಲಿಲ್ಲ. ಒಳಗೆ ಹೋಗಿ ಚೀಲ ಇಳಿಸಿ, ಅದರ ಮೇಲೆ ತಲೆಯಿಟ್ಟು ಮಲಗಿದಳು. ನಾನು ಒಂದೊಂದೇ ತಂತಿ ಬಿಚ್ಚತೊಡಗಿದೆ. ಆಗಲೇ ಎಲೆ ಕೈಗೆ ತಾಗಿದ್ದು. ಎಲೆಯ ತಂಪೇ ಇಲ್ಲ. ಹೊಸದಾಗಿ ಪೇಂಟು ಹೊಡೆದ ಕಿಟಕಿಯನ್ನು ಮುಟ್ಟಿದ ಹಾಗೆ ನುಣ್ಣಗೆ, ಗಡುಸಾಗಿತ್ತು.

"ಇದೇನಪ್ಪಾ ಇದು?"

"ಲೈಟಿನ ಬಿಸಿಗೆ ಎಲೆ ಬಾಡಿಹೋಯ್ತು ಅಕ್ಕಾ. ಚೆನ್ನಾಗಿ ಕಾಣಲ್ಲ ಅಂತ ಹಸಿರು ಸ್ಪ್ರೇ ಹೊಡೆದ್ರು."

"ಎಸಿ ಜಾಹೀರಾತು ಅಂದ್ಯಲ್ಲ. ಅಷ್ಟು ಬಿಸಿ ಹೇಗಾಯ್ತು?"

"ಎಸಿಗೆ ವೈರೇ ಕೊಟ್ಟಿರಲಿಲ್ಲ. ಬರೀ ಡಬ್ಬ ಅದು," ಅಂದವನು, ಅಂದದ್ದು ತಪ್ಪಾಯಿತೇನೋ ಅನ್ನುವಂತೆ ತುಟಿ ಕಚ್ಚಿಕೊಂಡ.

ಕಾಯಿ ಹೋದದ್ದು ಹೋಯಿತು. ಆದರೆ ಎಲೆಯ ಮೇಲೆ ಬಣ್ಣದ ಹೊದಿಕೆ ಹಾಗೇ ಇದ್ದರೆ ಗಿಡ ಉಸಿರಾಡುವುದು ಹೇಗೆ? ಅದನ್ನು ತೆಗೆಯಲೇಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಸೋಪಿನ ನೀರಿಗೂ ಜಗ್ಗಲಿಲ್ಲ. ಕೆಳಗಿನ ಒಂದು ಎಲೆಗೆ ಉಗುರಿನ ಬಣ್ಣ ತೆಗೆಯುವ ದ್ರವ ಹಚ್ಚಿ ನೋಡಿದೆ. ಬಣ್ಣವೇನೋ ಹೋಯಿತು. ಸಂಜೆಗೆ ಎಲೆ ಸುಟ್ಟ ಕಾಗದದಂತಾಗಿ ಉದುರಿತು. ಇನ್ನು ಕಣ್ಣು ಕಟ್ಟಿಕೊಂಡು ಏನೇನೋ ಹಚ್ಚಲು ಧೈರ್ಯ ಬರಲಿಲ್ಲ. ನನಗೆ ಬೇಕಾದದ್ದು ಒಂದೇ ಉತ್ತರ: ಹೊಡೆದದ್ದು ಯಾವ ಬಣ್ಣ, ಅದು ಯಾವುದಕ್ಕೆ ಬಿಡುತ್ತದೆ?

ಸಾಮಾನು ಮಾಮನಿಗೆ ಗೊತ್ತಿರಲಿಲ್ಲ. ಬಣ್ಣ ಹೊಡೆದವನು ಇನ್ನೊಂದು ಚಿತ್ರೀಕರಣಕ್ಕೆ ಹೋಗಿದ್ದಾನೆ, ಫೋನು ಎತ್ತುತ್ತಿಲ್ಲ. ಸ್ಪ್ರೇ ಡಬ್ಬಿ ಕಸಕ್ಕೆ ಹೋಗಿದೆ. ಕೊನೆಗೆ ಜಾಹೀರಾತು ಆಫೀಸಿನ ನಂಬರು ಕೊಟ್ಟ. "ಅಲ್ಲಿ ಪರಿಸರದ ಜವಾಬ್ದಾರಿ ಅಂತಲೇ ಒಬ್ಬರು ಮೇಡಂ ಇದ್ದಾರೆ ಅಕ್ಕಾ. ಒಳ್ಳೇವ್ರು," ಅಂದ.

ಮಾರನೆಯ ದಿನ ಊಟದ ಡಬ್ಬಿಗಳನ್ನು ಕಟ್ಟಿ, ಇಬ್ಬರನ್ನೂ ಕಳಿಸಿ, ಒಲೆಯ ಮೇಲೆ ಹಾಲಿಟ್ಟು ಫೋನು ಮಾಡಿದೆ. ಫೋನಿನಲ್ಲಿ ನಮ್ಮನ್ನು ಕಾಯಿಸುವಾಗ ಸಾಮಾನ್ಯವಾಗಿ ಸಂಗೀತ ಹಾಕುತ್ತಾರಲ್ಲ, ಇವರು ಹಕ್ಕಿಗಳ ಚಿಲಿಪಿಲಿ ಹಾಕಿದ್ದರು. ಹಕ್ಕಿಗಳು ಕೂಗಿದವು, ಕೂಗಿದವು. ಹಾಲು ಉಕ್ಕಿತು. ಒಂದು ಕೈಯಲ್ಲಿ ಒಲೆ ಒರೆಸುತ್ತಿರುವಾಗ ಮೇಡಂ ಲೈನಿಗೆ ಬಂದರು. ತಣ್ಣನೆಯ, ಮೆತ್ತನೆಯ ದನಿ.

"ನಿಮ್ಮ ಗಿಡದ ವಿಷಯ ಕೇಳಿ ತುಂಬ ಬೇಜಾರಾಯ್ತು ಮೇಡಂ. ಆದ್ರೆ ನೀವು ಚಿಂತೆ ಮಾಡಬೇಡಿ. ನಮ್ಮ ಚಿತ್ರೀಕರಣ ಪೂರ್ತಿ ಕಾರ್ಬನ್ ನ್ಯೂಟ್ರಲ್. ಏನೇ ಹಾನಿಯಾದ್ರೂ ನಾವು ಸರಿದೂಗಿಸ್ತೀವಿ. ನಿಮ್ಮ ಒಂದು ಗಿಡಕ್ಕೆ ಹತ್ತು ಸಸಿ ನೆಡ್ತೀವಿ. ನಿಮ್ಮ ಮಗಳ ಹೆಸರಲ್ಲೇ."

"ಒಳ್ಳೇದಮ್ಮಾ. ಆ ಎಲೆಗೆ ಹೊಡೆದದ್ದು ಯಾವ ಬಣ್ಣ?"

"ಹತ್ತು ಸಸಿ ಅಂದ್ರೆ ನಿಮಗೆ ಲಾಭಾನೇ ಅಲ್ವಾ ಮೇಡಂ."

"ನನ್ನ ಗಿಡ ಇನ್ನೂ ಸತ್ತಿಲ್ಲಮ್ಮಾ. ಬಣ್ಣ ಯಾವುದು ಅಂತ ಹೇಳಿದ್ರೆ ಉಳಿಸಿಕೊಳ್ತೀನಿ."

"ಅದು ಬೇರೆ ವಿಭಾಗ. ಒಂದು ನಿಮಿಷ ಇರಿ." ಮತ್ತೆ ಹಕ್ಕಿಗಳು. ಆಮೇಲೆ ಹಕ್ಕಿಗಳೂ ನಿಂತುಹೋದವು.

ಸಂಜೆ ಮೆಣಸಿಗೆ ವಿಷಯ ಹೇಳಿದೆ.

"ಹತ್ತು ಸಸಿ ನಮ್ಮನೆಗೆ ಬರುತ್ತಾ?"

"ಇಲ್ಲ ಕಣೇ. ಅವರೇ ಎಲ್ಲೋ ನೆಡ್ತಾರಂತೆ."

"ನಿಂಬೆ ಗಿಡಾನಾ?"

"ಅದೂ ಗೊತ್ತಿಲ್ಲ."

"ನೀರು ಯಾರು ಹಾಕ್ತಾರೆ?"

ನಾನು ಅಕ್ಕಿ ಆರಿಸತೊಡಗಿದೆ. ಅವಳು ಯೋಚಿಸುತ್ತ ಕೂತಳು. ಆ ಯೋಚನೆ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೋಂವರ್ಕ್ ಪುಸ್ತಕ ಖಾಲಿಯಿತ್ತು.

"ನಾನು ಬರೆದಿಲ್ಲ ಅಷ್ಟೆ. ಮೇಲಿನ ಮನೆ ಅಕ್ಕ ಎರಡು ಪುಟ ಜಾಸ್ತಿ ಬರೆದಿದ್ದಾಳೆ. ನನ್ನ ಹೆಸರಲ್ಲಿ ಬರಿ ಅಂತ ನಾನೇ ಹೇಳಿದ್ದೆ. ಸರಿಹೋಯ್ತಲ್ಲ."

ಅವರಪ್ಪ ಬಾಯಲ್ಲಿದ್ದ ಚಹಾ ನುಂಗಲಾಗದೆ ಕೆಮ್ಮಿದರು. ನಾನು ಪುಸ್ತಕವನ್ನು ಅವಳ ಚೀಲಕ್ಕೆ ತುರುಕಿದೆ. ಅವರಪ್ಪ ಗಿಡದ ಕಡೆ ನೋಡಿ, "ಇನ್ನೊಂದು ಗಿಡ ತಂದ್ರಾಯ್ತು ಬಿಡೇ" ಅಂದವರು ಮಗಳ ಮುಖ ನೋಡಿ ಉಳಿದ ಮಾತನ್ನು ಚಹಾದ ಜೊತೆ ನುಂಗಿಕೊಂಡರು. ಆ ಹೊತ್ತಿಗೆ ಬಕೆಟ್ಟಿನ ಸುತ್ತ ಎಲೆ ಬೀಳತೊಡಗಿದ್ದವು. ಬಿದ್ದ ಎಲೆಯೂ ಫಳಫಳ ಹಸಿರು. ಸಾಯುತ್ತಿದೆ ಅಂತ ಬಣ್ಣ ನೋಡಿ ಹೇಳುವ ಹಾಗೇ ಇರಲಿಲ್ಲ.

ರಜೆಯ ದಿನ ಬಟ್ಟೆ ಒಗೆಯುವುದನ್ನು ಮಧ್ಯಾಹ್ನಕ್ಕೆ ತಳ್ಳಿ, ಮೆಣಸನ್ನು ಕರೆದುಕೊಂಡು ಆ ಆಫೀಸಿಗೇ ಹೋದೆ. ಜಾಹೀರಾತಿನವರಿಗೆ ರಜೆಯಿಲ್ಲ ಅಂತ ಸಾಮಾನು ಮಾಮ ಹೇಳಿದ್ದ. ಕಾಯುವ ಜಾಗದ ಒಂದು ಗೋಡೆ ಪೂರ್ತಿ ಅಂದಕ್ಕೆಂದು ಬೆಳೆಸಿದ ಪಾಚಿ, ಅದರ ಕೆಳಗೆ "ದಯವಿಟ್ಟು ಮುಟ್ಟಬೇಡಿ" ಅಂತ ಬೋರ್ಡು. ಎದುರಿನ ದೊಡ್ಡ ಟಿವಿಯಲ್ಲಿ ಅವರ ಜಾಹೀರಾತುಗಳು ಒಂದಾದ ಮೇಲೊಂದು ಬರುತ್ತಿದ್ದವು. ನಮ್ಮದೂ ಬಂತು. ಬಿಳಿ ಬಟ್ಟೆಯ ಹೆಂಗಸೊಬ್ಬಳು ಕಣ್ಣು ಮುಚ್ಚಿ ತಂಪು ಗಾಳಿಗೆ ಮುಖವೊಡ್ಡಿದ್ದಳು. ಪಕ್ಕದಲ್ಲಿ ನಮ್ಮ ಗಿಡ, ಹಿಡಿ ಮುರಿದ ಬಕೆಟ್ಟಿಗೆ ಬೆತ್ತದ ಬುಟ್ಟಿ ತೊಡಿಸಿದ್ದರು. "ತಂಪು ನಿಮಗೆ, ಹಸಿರು ಭೂಮಿಗೆ," ಅಂದಿತು ಒಂದು ಗಂಭೀರ ದನಿ.

"ಅದು ನನ್ನ ಗಿಡ," ಅಂತ ಮೆಣಸು ಬಾಗಿಲು ಕಾಯುವವನಿಗೆ ಹೇಳಿದಳು.

"ಚೆನ್ನಾಗಿದೆಯಮ್ಮಾ," ಅಂದ ಅವನು.

"ಈಗ ಇಲ್ಲ."

ಮೇಡಂ ಬಂದರು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು, ಕಣ್ಣ ಕೆಳಗೆ ದಣಿವು. ಮೆಣಸಿನ ಅಂಗಿಗೆ ಎಲೆಯ ಆಕಾರದ ಬಟ್ಟೆಯ ಬಿಲ್ಲೆಯೊಂದನ್ನು ಅಕ್ಕರೆಯಿಂದಲೇ ಸಿಕ್ಕಿಸಿದರು. "ನಿನ್ನ ಹತ್ತು ಸಸಿ ನೆಟ್ಟಾಯ್ತು ಕಂದಾ."

"ಆಂಟಿ, ಬಣ್ಣ ಯಾವುದು?"

ಅವರು ನಮ್ಮೆದುರೇ ಎರಡು ಕಡೆ ಫೋನು ಮಾಡಿದರು. ಆಮೇಲೆ ಗೆದ್ದವರ ಹಾಗೆ ನಕ್ಕರು. "ಸಿಕ್ತು ಮೇಡಂ. ಪರಿಸರಸ್ನೇಹಿ ಬಣ್ಣ."

"ಅದು ಬಣ್ಣದ ಹೆಸರಾ?"

"ಡಬ್ಬಿ ಮೇಲೆ ಹಾಗೇ ಬರೆದಿತ್ತಂತೆ."

"ಏನು ಹಚ್ಚಿದ್ರೆ ಬಿಡುತ್ತೆ ಅಂತ ಬರೆದಿತ್ತಂತಾ?"

"ಅದನ್ನ ಬರೆದಿರಲಿಲ್ಲವಂತೆ."

ನನಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಮೆಣಸಿಗೆ ಅದು ಗೊತ್ತು, ನನ್ನ ಸೆರಗು ಹಿಡಿದುಕೊಂಡಳು. "ನೋಡಮ್ಮಾ," ಅಂದೆ, "ನೀವು ನನ್ನ ಕಾಲು ತುಳಿದು, ಇನ್ನೆಲ್ಲೋ ಇರೋ ಹತ್ತು ಜನದ ಕಾಲು ಒತ್ತಿದ್ರೆ ನನ್ನ ನೋವು ಹೋಗುತ್ತಾ?"

"ಲೆಕ್ಕದಲ್ಲಿ ಹೋಗುತ್ತೆ ಮೇಡಂ," ಅಂದರು ಅವರು. ಅಂದು ಮುಗಿಸಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೇನೋ, ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ನಾನು ಬರೀ ಸಸಿ ನೆಡಿಸಬಹುದು ಮೇಡಂ. ಬೇರೇನೂ ನನ್ನ ಕೈಲಿಲ್ಲ."

ಅವರ ಮೇಲೆ ಕೂಗಾಡುವಂತೆಯೂ ಇರಲಿಲ್ಲ. ಹಾಗೇ ಎದ್ದು ಬಂದೆವು. ಬಸ್ಸು ಇಳಿದ ಮೇಲೆ ಮೆಣಸು ಬಿಲ್ಲೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಮಧ್ಯಾಹ್ನ ಅವಳ ತಲೆ ಬಾಚುತ್ತಿರುವಾಗ ಒಂದು ನೆನಪಾಯಿತು. ಹಿಂದೊಮ್ಮೆ ಹಸಿ ಪೇಂಟಿನ ಗೇಟಿಗೆ ಒರಗಿ ಕೂದಲಿಗೆಲ್ಲ ಬಣ್ಣ ಮೆತ್ತಿಕೊಂಡು ಬಂದಿದ್ದಳು. ಕತ್ತರಿಸಲು ಮನಸ್ಸಾಗದೆ ಎಣ್ಣೆ ಹಚ್ಚಿ, ನೆನೆಸಿಟ್ಟು, ಎಳೆ ಎಳೆಯಾಗಿ ತೆಗೆದಿದ್ದೆ. ಹಣಿಗೆಯನ್ನು ಅವಳ ತಲೆಯಲ್ಲೇ ಬಿಟ್ಟು ಎದ್ದೆ. ಒಂದು ಎಲೆಗೆ ಅಡುಗೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹಳೆ ಬನಿಯನ್ ಬಟ್ಟೆಯಿಂದ ತಿಕ್ಕಿದೆ. ಬಣ್ಣ ಸುಟ್ಟ ಚರ್ಮದ ಸಿಪ್ಪೆಯ ಹಾಗೆ ಸುರುಳಿ ಸುತ್ತಿ ಬಂತು. ಎಣ್ಣೆ ಉಳಿಯದ ಹಾಗೆ ತೆಳ್ಳನೆಯ ಸೋಪಿನ ನೀರು, ಆಮೇಲೆ ಬರೀ ನೀರು. ಒಳಗಿನ ಎಲೆ ಹಳದಿಗೆ ತಿರುಗಿತ್ತು, ಆದರೆ ಎಲೆಯಾಗಿತ್ತು.

ಅಂದಿನಿಂದ ಅದೇ ಕೆಲಸ. ಅನ್ನಕ್ಕಿಟ್ಟು ಎರಡು ಎಲೆ, ನೆಲ ಒರೆಸಿ ಎರಡು ಎಲೆ. ಜೋರಾಗಿ ತಿಕ್ಕಿದರೆ ಎಲೆಯೇ ಕಿತ್ತು ಬರುತ್ತದೆ. ಮುಳ್ಳು ಬೇರೆ. ನಾವು ಒಂದನ್ನು ತೊಳೆಯುವಷ್ಟರಲ್ಲಿ ಗಿಡ ಮೂರನ್ನು ಉದುರಿಸುತ್ತಿತ್ತು. ಸಂಜೆ ಟಿವಿ ಹಾಕಿದರೆ ಅದೇ ಗಿಡ ಮೈತುಂಬ ಹಣ್ಣು ಹೊತ್ತು ಬಂದು ನಿಲ್ಲುತ್ತಿತ್ತು. ಮೆಣಸು ಎದ್ದು ಹೋಗಿ ಟಿವಿ ಆರಿಸುತ್ತಿದ್ದಳು.

ಕೊಂಬೆಗಳು ಹೆಚ್ಚುಕಡಿಮೆ ಬೋಳಾದ ಹೊತ್ತಿಗೆ ಸಾಮಾನು ಮಾಮ ಮತ್ತೆ ಬಾಗಿಲು ತಟ್ಟಿದ.

"ಅಕ್ಕಾ, ಬೈಬೇಡಿ. ಜಾಹೀರಾತು ಜನಕ್ಕೆ ತುಂಬ ಹಿಡಿಸಿದೆಯಂತೆ. ಎರಡನೇದು ತೆಗೀತಾರೆ. ಅದೇ ನಿಂಬೆ ಗಿಡ ಬೇಕು ಅಂತ ಪಟ್ಟು ಹಿಡಿದಿದ್ದಾರೆ." ಹೇಳುತ್ತಲೇ ಅವನ ಕಣ್ಣು ಬಾಲ್ಕನಿಗೆ ಹೋಯಿತು. ಬಕೆಟ್ಟಿನಲ್ಲಿ ಮುಳ್ಳಿನ ಕಡ್ಡಿಗಳು, ತುದಿಯಲ್ಲಿ ತೊಳೆದ ಹಳದಿ, ತೊಳೆಯದ ಹಸಿರು ಸೇರಿ ಬೆರಳೆಣಿಕೆಯ ಎಲೆಗಳು.

ನಾನು ಬಾಯಿ ತೆರೆಯುವ ಮೊದಲೇ ಎಣ್ಣೆ ಬಟ್ಟಲ ಪಕ್ಕ ಕೂತಿದ್ದ ಮೆಣಸು ಅಂದಳು, "ನನ್ನ ಹತ್ತು ಸಸಿ ತಗೊಂಡ್ಹೋಗಿ ಮಾಮ. ಒಂದಕ್ಕೆ ಹತ್ತು ಇದೆ. ನಾನು ಹೇಳಿದೆ ಅಂತ ಹೇಳಿ."

"ಅದೆಲ್ಲಿದೆಯೋ ನಂಗೇನು ಗೊತ್ತು ಪುಟ್ಟಾ."

"ಮೇಡಂನ ಕೇಳಿ."

"ಕೇಳಿದ್ದೆ," ಅಂದ ಅವನು ತಗ್ಗಿದ ದನಿಯಲ್ಲಿ. "ನಿಂಗೆ ತೋರಿಸೋಣ ಅಂತ ಅವತ್ತೇ ಕೇಳಿದ್ದೆ. ಅವರು ನೆಡೋ ಕೆಲಸಾನ ಇನ್ಯಾರಿಗೋ ವಹಿಸಿದ್ದಾರೆ. ಅವರು ಇನ್ಯಾರಿಗೋ. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ."

ಚಪ್ಪಲಿ ಬಿಟ್ಟು ಒಳಗೆ ಬಂದು ಬಟ್ಟೆಗೆ ಕೈ ಹಾಕಿದ. "ಕೊಡಿ ಅಕ್ಕಾ, ನಾಲ್ಕೆಲೆ ನಾನೂ ಒರೆಸ್ತೀನಿ."

"ಕೈ ತೊಳ್ಕೊಂಡು ಬನ್ನಿ," ಅಂದಳು ಮೆಣಸು.

ತೊಳೆದುಕೊಂಡು ಬಂದು ಕೂತ. ಒಂದು ಎಲೆ ಮುಗಿಯುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಸಂಜೆಯೊಳಗೆ ಎಲ್ಲಿಂದಾದರೂ ಸರಿ, ಮೈತುಂಬ ಎಲೆಯಿರುವ ಗಿಡ ಬೇಕಂತೆ. ಅವನು ನನ್ನ ಕಡೆ ನೋಡಿದ, ನಾನು ಎಲೆಯ ಕಡೆ ನೋಡಿದೆ. ಅವನು ಎದ್ದು ಹೋದ. ಮೆಟ್ಟಿಲ ಮೇಲೆ ಎದುರುಮನೆಯ ಅಜ್ಜನ ಜೊತೆ ಅವನು ಮಾತಾಡುವುದು ಕೇಳಿಸಿತು. "ಅಜ್ಜಾ, ನಿಮ್ಮನೇಲಿ ಗಿಡ ಏನಾದ್ರೂ ಇದೆಯಾ?"

ಮೆಣಸು ಕಡ್ಡಿಯೊಂದನ್ನು ಉಗುರಿನಿಂದ ಕೆರೆದಳು. ಒಳಗೆ ಇನ್ನೂ ಹಸಿ ಇತ್ತು.

"ಅಮ್ಮಾ, ಇದು ಬದುಕಿದ್ರೂ ಮತ್ತೆ ಕಾಯಿ ಬಿಡೋಕೆ ಅಷ್ಟೇ ವರ್ಷ ಆಗುತ್ತಾ?"

"ಗೊತ್ತಿಲ್ಲ ಕಂದಾ."

"ಅಷ್ಟೊತ್ತಿಗೆ ನಾನು ದೊಡ್ಡವಳಾಗಿರ್ತೀನಿ. ಹಲ್ಲುಜ್ಜುತ್ತಾ ಬಂದು ನೋಡೋಕೆ ನಾಚಿಕೆ ಆಗುತ್ತೆ."

"ಆಗ ನಾನು ನೋಡಿ ಹೇಳ್ತೀನಿ," ಅಂದು, ಒಲೆಯ ಮೇಲಿನ ಅನ್ನ ಇಳಿಸಲು ಎದ್ದವಳು ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಒರೆಸಲು ಇನ್ನೂ ಐದು ಎಲೆ ಉಳಿದಿದ್ದವು.