ಟಿಕೆಟ್ ಅತ್ತೆಯ ಉಚಿತ ಮಾದರಿಗಳು

ನಮ್ಮ ಸೋದರತ್ತೆಯ ಜೊತೆ ರಸ್ತೆಗೆ ಹೊರಟವರು ಅವರ ಹಿಂದೆ ನಡೆಯಬಾರದು, ಪಕ್ಕದಲ್ಲೇ ನಡೆಯಬೇಕು. ಏಕೆಂದರೆ ಯಾವ ಮುನ್ಸೂಚನೆಯೂ ಇಲ್ಲದೆ, ಜನಸಂದಣಿಯ ನಟ್ಟನಡುವೆ ಅವರು ಗಕ್ಕನೆ ನಿಂತುಬಿಡುತ್ತಾರೆ; ಹಿಂದಿನವರು ಬಂದು ಬೆನ್ನಿಗೆ ಡಿಕ್ಕಿ ಹೊಡೆಯುತ್ತಾರೆ; ಬೈಸಿಕೊಳ್ಳುವವರೂ ಡಿಕ್ಕಿ ಹೊಡೆದವರೇ. ನಿಂತದ್ದಕ್ಕೆ ಕಾರಣ ಯಾರದೋ ಮನೆಯ ಕಿಟಕಿ ಸರಳುಗಳ ವಿನ್ಯಾಸವಿರಬಹುದು, ಔಷಧಿ ಅಂಗಡಿಯ ನೆಲದ ಅಂಚಿರಬಹುದು, ಬಸ್ಸಿನ ಸೀಟಿನ ಹರಿದ ಹೊದಿಕೆಯೇ ಇರಬಹುದು. ಕೋಟಿನ ಜೇಬಿನಿಂದ ಗ್ರಾಫ್ ಹಾಳೆ ಮತ್ತು ಮೋಟು ಪೆನ್ಸಿಲು ತೆಗೆದು ಚೌಕಗಳನ್ನು ತುಂಬತೊಡಗಿದರೆಂದರೆ, ಜಪ್ಪಯ್ಯ ಅಂದರೂ ಅವರು ಅಲ್ಲಿಂದ ಕದಲುವವರಲ್ಲ.

ಅತ್ತೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು, ಆದ್ದರಿಂದ ಬಂಧುಬಳಗಕ್ಕೆಲ್ಲ ಅವರು ಟಿಕೆಟ್ ಅತ್ತೆ. ಮೊಣಕೈಯಲ್ಲಿ ತೇಪೆ ಕಂಡ ಆ ಕಾಲದ ಕಪ್ಪು ಕೋಟನ್ನು ಅವರು ಎಂಥ ಸೆಖೆಯಲ್ಲೂ ಕಳಚುವುದಿಲ್ಲ. ಅದರ ಎಡಜೇಬಿನಲ್ಲಿ ಟಿಕೆಟ್ಟಿಗೆ ತೂತು ಹೊಡೆಯುವ ಪಂಚು ಈಗಲೂ ಇದೆ. ಇಲಾಖೆ ಅದನ್ನು ಹಿಂದಕ್ಕೆ ಕೇಳಲು ಮರೆಯಿತೋ, ಕೇಳಲು ಹೆದರಿತೋ, ನನಗೆ ತಿಳಿಯದು. ಒಂದು ಮಾದರಿಯನ್ನು ಹೊಲಿದು ಮುಗಿಸಿದ ಕೂಡಲೇ ಅದರ ಹಾಳೆಯ ಮೂಲೆಗೆ ಪಂಚು ಒತ್ತಿ ಕಟಕ್ಕೆಂದು ತೂತು ಹೊಡೆಯುವುದು ಅವರ ಕ್ರಮ. ಆ ಹಾಳೆಯ ಪ್ರಯಾಣ ಅಲ್ಲಿಗೆ ಮುಗಿಯಿತು ಎಂದು ಅರ್ಥ.

ಅವರ ಹುಚ್ಚು ಕ್ರಾಸ್ ಸ್ಟಿಚ್ಚಿನ ಸ್ಯಾಂಪ್ಲರುಗಳದು. ಒಂದೇ ಬಟ್ಟೆಯ ಮೇಲೆ ಅಂಚು, ಅಕ್ಷರಮಾಲೆ, ಮನೆ, ಮರ, ಹಕ್ಕಿ ಎಲ್ಲವನ್ನೂ ಗುಣಾಕಾರದ ಗುರುತಿನಂಥ ಪುಟ್ಟ ಪುಟ್ಟ ಹೊಲಿಗೆಗಳಲ್ಲಿ, ಎಳೆ ಎಣಿಸಿ ಎಣಿಸಿ ತುಂಬಿಸಿ, ಕೊನೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥದ್ದು. ಅದಕ್ಕೆ ಬೇಕಾದ ನಕ್ಷೆಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಅತ್ತೆ ಒಳ್ಳೆಯ ದಾರಕ್ಕೆ, ಬಟ್ಟೆಗೆ, ಸೂಜಿಗೆ ಮರುಮಾತಿಲ್ಲದೆ ದುಡ್ಡು ಕೊಡುವವರು, ನಕ್ಷೆಗೆ ಮಾತ್ರ ಬಿಡಿಗಾಸನ್ನೂ ಬಿಚ್ಚುವವರಲ್ಲ. ಟಿಕೆಟ್ಟಿಲ್ಲದ ಪ್ರಯಾಣಿಕರಿಗೆ ಸಿಂಹಸ್ವಪ್ನವಾಗಿದ್ದ ಹೆಂಡತಿ ಹೀಗೆ ಉಚಿತದ ಬೇಟೆಗೆ ಇಳಿದದ್ದನ್ನು ಕಂಡು ಮಾವ ಬಂದಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಅಷ್ಟು ವರ್ಷ ಬಿಟ್ಟಿ ಹತ್ತೋರನ್ನ ಹಿಡಿದ್ಲು. ಈಗ ತಾನೇ ಹತ್ತಿ ಕೂತಿದ್ದಾಳೆ.”

ಈ ಆಪಾದನೆಗೆ ಅತ್ತೆಯ ಬಳಿ ಸಿದ್ಧ ಉತ್ತರವಿತ್ತು. ಅದನ್ನು ನಾನು ಕಿವಿಯಾರೆ ಕೇಳಿದ್ದು ಅವರ ಓರಗಿತ್ತಿ, ಅಂದರೆ ಮಾವನ ತಮ್ಮನ ಹೆಂಡತಿ, ಬಂದಿದ್ದ ದಿನ. ಓರಗಿತ್ತಿಯವರೂ ಕ್ರಾಸ್ ಸ್ಟಿಚ್ ಮಾಡುವವರೇ. ಆದರೆ ದಾರ, ಬಟ್ಟೆ, ನಕ್ಷೆ ಎಲ್ಲವೂ ಒಟ್ಟಿಗೇ ಇರುವ ದುಬಾರಿ ಪೆಟ್ಟಿಗೆಗಳನ್ನು ತರಿಸಿಕೊಂಡು, ಅದರಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಹೊಲಿದು, ಚಿನ್ನದ ಬಣ್ಣದ ಕಟ್ಟು ಹಾಕಿಸುವವರು. ಅಂದು ಅವರು ತಾವು ಕೊಂಡ ಹೊಸ ನಕ್ಷೆಯೊಂದನ್ನು ತಂದು, ಔದಾರ್ಯದಿಂದಲೇ, ಮೇಜಿನ ಮೇಲಿಟ್ಟರು.

“ಅಕ್ಕ, ಇದನ್ನ ಜೆರಾಕ್ಸ್ ಮಾಡಿಸ್ಕೊಳ್ಳಿ. ಯಾಕೆ ಸುಮ್ನೆ ಊರೆಲ್ಲ ಹುಡುಕ್ತೀರಿ?”

“ಬೇಡ. ಅದು ನೀನು ತಗೊಂಡ ಟಿಕೆಟ್ಟು. ಅದರಲ್ಲಿ ನಾನು ಹೋಗಬಾರದು.”

“ಒಂದು ಜೆರಾಕ್ಸನ್ನ ಯಾರಕ್ಕ ನೋಡ್ತಾರೆ?”

“ಸಿಕ್ಕಿಬಿದ್ದೋರೆಲ್ಲ ಇದನ್ನೇ ಹೇಳ್ತಿದ್ರು,” ಎಂದರು ಅತ್ತೆ, ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಕೊಡುತ್ತಾ. “ಬಿಟ್ಟಿ ಬೇರೆ, ಉಚಿತ ಬೇರೆ. ಬಿಟ್ಟಿ ಅಂದ್ರೆ ನಾವು ಎತ್ಕೊಳ್ಳೋದು. ಉಚಿತ ಅಂದ್ರೆ ಅವರು ಕೊಡೋದು.”

ಓರಗಿತ್ತಿ ಮೂಗು ಮುರಿದರು. ಕಿಟಕಿ ಸರಳು, ಬಸ್ಸಿನ ಸೀಟುಗಳನ್ನು ಯಾರು ಕೊಟ್ಟರು ಎಂಬುದು ನ್ಯಾಯವಾದ ಪ್ರಶ್ನೆಯೇ. ಬೀದಿಗೆ ಕಾಣುವಂತೆ ಇಟ್ಟದ್ದು ಬೀದಿಗೆ ಕೊಟ್ಟಂತೆಯೇ ಎಂಬುದು ಅತ್ತೆಯ ನಿಲುವು. ಈ ನಿಲುವಿನ ಪರಾಕಾಷ್ಠೆಯನ್ನು ನಾನು ಕಂಡದ್ದು ಒಬ್ಬ ಅಪರಿಚಿತರ ಸ್ವೆಟರಿನ ವಿಷಯದಲ್ಲಿ. ಎದೆಯ ಮೇಲೆ ಜಿಂಕೆಗಳ ಸಾಲಿದ್ದ ಸ್ವೆಟರು ತೊಟ್ಟ ಆ ದಪ್ಪ ಮನುಷ್ಯರನ್ನು ಅತ್ತೆ ತರಕಾರಿ ಮಾರುಕಟ್ಟೆಯಿಂದ ಹಿಂಬಾಲಿಸಿ, ಅಂಚೆ ಕಚೇರಿಯ ಸಾಲಿನಲ್ಲಿ ಅವರ ಎದುರಿಗೇ ನಿಂತು ಕೊಂಬುಗಳನ್ನು ಮುಗಿಸಿ, ಕಡೆಗೆ ಕ್ಷೌರದಂಗಡಿಯೊಳಕ್ಕೂ ನುಗ್ಗಿದರು. ಅಷ್ಟರಲ್ಲಿ ಕ್ಷೌರಿಕ ಆ ಮನುಷ್ಯರ ಕುತ್ತಿಗೆಗೆ ಬಿಳಿಯ ಬಟ್ಟೆ ಸುತ್ತಿಬಿಟ್ಟಿದ್ದ.

“ಸ್ವಲ್ಪ ಬಟ್ಟೆ ಸರಿಸಪ್ಪ,” ಎಂದರು ಅತ್ತೆ. “ಹಿಂಗಾಲು ಉಳಿದಿದೆ.”

ಕಪ್ಪು ಕೋಟು ಕಂಡ ಆ ದಪ್ಪ ಮನುಷ್ಯರು ಯಾಂತ್ರಿಕವಾಗಿ ಜೇಬು ತಡಕಿ ಹಳೆಯ ಟಿಕೆಟ್ಟೊಂದನ್ನು ತೆಗೆದು ಮುಂದೆ ಚಾಚಿದರು. ಅತ್ತೆ ಅದನ್ನು ಅಷ್ಟೇ ಯಾಂತ್ರಿಕವಾಗಿ ನೋಡಿ, ಸರಿಯಿದೆ ಎಂದು ಹಿಂದಿರುಗಿಸಿ, ಹಿಂಗಾಲು ಬರೆದುಕೊಂಡರು.

ಇಂಥವರ ಕೈಗೆ ಇಂಟರ್ನೆಟ್ಟು ಸಿಕ್ಕಿದ ಮೇಲೆ ಕೇಳಬೇಕೆ? ಲೋಕದಲ್ಲಿ ಉಚಿತ ಎಂಬ ಹಲಗೆ ತಗುಲಿಸಿಕೊಂಡ ಬಾಗಿಲುಗಳು ಎಷ್ಟಿವೆ, ಅವುಗಳಲ್ಲಿ ನಿಜವಾಗಿ ತೆರೆಯುವಂಥವು ಎಷ್ಟು ಕಡಮೆ ಎಂಬುದು ಆಗ ತಿಳಿಯಿತು. ಒಂದು ತಾಣ ಮೊದಲು ಹೆಸರು ಕೇಳುತ್ತದೆ, ಆಮೇಲೆ ಹುಟ್ಟಿದ ದಿನ ಕೇಳುತ್ತದೆ, ಇನ್ನೇನು ಬಂತು ಎನ್ನುವಾಗ ಬೆಲೆ ಹೇಳುತ್ತದೆ. ಅತ್ತೆ ಪರದೆಯ ಹತ್ತಿರಕ್ಕೆ ಮುಖ ಒಯ್ದು, “ಎಲ್ಲಿ ಹತ್ತಿದ್ರಿ? ಎಲ್ಲಿಗೆ ಹೋಗ್ತಿದ್ದೀರಿ?” ಎಂದು ಗದರುತ್ತಿದ್ದರು. ಇನ್ನೊಂದರಲ್ಲಿ ನಕ್ಷೆ ಎಷ್ಟು ಮಸುಕಾಗಿತ್ತೆಂದರೆ ಅವರು ವಾರಗಟ್ಟಲೆ ಕಣ್ಣು ಕೀಲಿಸಿ ಹೊಲಿದ ಗುಲಾಬಿಯನ್ನು ನೋಡಿ ಮಾವ, ಹೂಕೋಸು ಬಹಳ ಎಳೆಯದಾಗಿದೆ ಎಂದು ಮೆಚ್ಚಿದರು. ಬಣ್ಣಗಳ ವಿವರವಿಲ್ಲದೆ ಬರೀ ಗುರುತುಗಳಿದ್ದ ನಕ್ಷೆಯಿಂದ ಹುಟ್ಟಿದ ಹಸಿರು ಕುದುರೆಯೊಂದು ನಮ್ಮ ಹಲ್ಲಿನ ವೈದ್ಯರ ಕೋಣೆಯಲ್ಲಿ ಇಂದಿಗೂ ನೇತಾಡುತ್ತಿದೆ. ಅದನ್ನು ನೋಡುತ್ತಾ ಕುಳಿತ ರೋಗಿಗಳು ಹಲ್ಲುನೋವನ್ನು ಸ್ವಲ್ಪ ಹೊತ್ತು ಮರೆಯುತ್ತಾರಂತೆ.

ಆ ಕುದುರೆಯೇ ಕಿತಾಪತಿಗೆ ಮೂಲವಾಯಿತು. ಓರಗಿತ್ತಿಯವರು ಹೊಸ ಮನೆ ಕಟ್ಟಿಸುತ್ತಿದ್ದರು. ಒಂದು ದಿನ ಊಟಕ್ಕೆ ಕೂತ ಎಲ್ಲರ ಎದುರಿಗೆ, ನಗುನಗುತ್ತಲೇ, ಅವರು ಸವಾಲು ಹಾಕಿದರು: “ಅಕ್ಕ, ಉಚಿತವಾಗಿ ಸಿಕ್ಕಿದ್ದರಲ್ಲೇ ನೋಡೋ ಹಾಗೊಂದು ಸ್ಯಾಂಪ್ಲರ್ ಮಾಡಿಕೊಡಿ. ನಮ್ಮ ಹೊಸ ಮನೆ ಮುಂದಿನ ಕೋಣೆಯಲ್ಲಿ ಅದನ್ನೇ ಹಾಕ್ತೀನಿ. ಕುದುರೆ ಮಾತ್ರ ಬೇಡ.” ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಆದರೆ ಅವರ ಕೈ ಕೋಟಿನ ಎಡಜೇಬಿನಲ್ಲಿ ಪಂಚನ್ನು ಬಿಗಿಯಾಗಿ ಹಿಡಿದದ್ದು ಪಕ್ಕದಲ್ಲಿದ್ದ ನನಗೆ ಕಂಡಿತು. ಅಂದಿನಿಂದ ಅದು ಗೋಡೆಯ ಅಲಂಕಾರದ ಮಾತಾಗಿ ಉಳಿಯಲಿಲ್ಲ. ಅವರು ನಂಬಿಕೊಂಡು ಬಂದ ಒಂದು ಸಿದ್ಧಾಂತದ ಮಾನದ ಪ್ರಶ್ನೆಯಾಯಿತು.

ಹುಡುಕಿ ಹುಡುಕಿ ಸಿಕ್ಕಿದ್ದು ಯಾವುದೋ ದೂರದ ಊರಿನ ಹೆಂಗಸೊಬ್ಬರ ಪುಟ. ಆಕೆ ಒಂದು ಗುಟ್ಟಿನ ಸ್ಯಾಂಪ್ಲರ್ ಶುರು ಮಾಡಿದ್ದರು. ಪ್ರತಿ ಶುಕ್ರವಾರ ನಕ್ಷೆಯ ಒಂದೊಂದು ತುಂಡನ್ನು ಎಲ್ಲರಿಗೂ ಉಚಿತವಾಗಿ ಕೊಡುವುದು. ಪೂರ್ತಿ ಚಿತ್ರ ಹೇಗಿರುತ್ತದೆಂಬುದನ್ನು ಕೊನೆಯ ತುಂಡಿನವರೆಗೂ ಹೇಳದಿರುವುದು. ಹೆಸರು ಕೇಳಲಿಲ್ಲ, ಹುಟ್ಟಿದ ದಿನ ಕೇಳಲಿಲ್ಲ. ಅತ್ತೆ ಮೂರು ಸಲ ಪರೀಕ್ಷಿಸಿ, “ಇದು ಟಿಕೆಟ್ಟು,” ಎಂದು ತೀರ್ಪು ಕೊಟ್ಟರು. ಮೊದಲು ಬಳ್ಳಿಯ ಅಂಚು ಬಂತು. ಆಮೇಲೆ ಅಕ್ಷರಮಾಲೆ, ಕೆಂಪು ಹೆಂಚಿನ ಮನೆ, ಒಂದು ಮರ, ಅದರ ಮೇಲೆ ಎರಡು ಮುನಿದ ಹಕ್ಕಿಗಳು. ಕಡೆಗೆ ಮನೆಯ ಬಾಗಿಲಿಂದ ಹೊರಟು ಕೆಳಗಿನ ಬಲಮೂಲೆಯತ್ತ ಬಳುಕುತ್ತಾ ಹೋಗುವ ಒಂದು ಕಾಲುದಾರಿ. ದಾರಿ ಎಲ್ಲಿಗೆ ಹೋಗುತ್ತದೆ? ಮಾವ ಬಾವಿ ಎಂದರು, ನಾನು ಗೇಟು ಎಂದೆ. ಶುಕ್ರವಾರಕ್ಕಾಗಿ ಇಡೀ ಮನೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿತು.

ಆ ಶುಕ್ರವಾರ ಏನೂ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಪುಟದ ಕೆಳಗೆ ದೇಶವಿದೇಶದ ಹೊಲಿಗೆಯವರು ಮೊದಲು ಕಾತರದಿಂದ, ಆಮೇಲೆ ಕೋಪದಿಂದ ಬರೆಯತೊಡಗಿದರು: ಹೀಗೆ ನಡುನೀರಿನಲ್ಲಿ ಕೈಬಿಡುವುದು ಮೋಸವಲ್ಲವೇ, ನಮ್ಮ ಶ್ರಮಕ್ಕೆ ಹೊಣೆ ಯಾರು. ಓರಗಿತ್ತಿಯ ಮನೆಗೆ ಸುಣ್ಣಬಣ್ಣವೂ ಆಗಿಹೋಗಿತ್ತು. ಅತ್ತೆಯ ಬಟ್ಟೆಯಲ್ಲಿ ಬಲಮೂಲೆ ಮಾತ್ರ ಖಾಲಿ. ಅತ್ತೆ ಯಾರನ್ನೂ ಬಿಡದೆ ತರಾಟೆಗೆ ತೆಗೆದುಕೊಳ್ಳುವವರಾದ್ದರಿಂದ, ನೀವೂ ನಾಲ್ಕು ಮಾತು ಬರೆಸಿ ಎಂದೆ.

“ಏನಂತ ಬರೆಯೋದು? ದುಡ್ಡು ಕೊಟ್ಟಿದ್ರೆ ಜಗಳ ಆಡಬಹುದಿತ್ತು ಕಣೋ. ಕೊಡ್ತಿದ್ದೋರು ಕೊಡೋದು ನಿಲ್ಲಿಸಿದ್ರೆ ಕೇಳೋದು ಒಂದೇ. ಹುಷಾರಾಗಿದ್ದೀರಾ ಅಂತ.”

ಅಷ್ಟನ್ನೇ ಬರೆಸಿದರು. ಆ ಬೈಗುಳಗಳ ರಾಶಿಯಲ್ಲಿ ಕ್ಷೇಮ ಕೇಳಿದ ಸಾಲು ಅದೊಂದೇ ಇತ್ತು. ಅದನ್ನು ಟೈಪು ಮಾಡಿದ ನನಗೆ, ಇಷ್ಟು ದಿನ ಈ ಮುದುಕಿಯನ್ನು ಗೇಲಿ ಮಾಡುತ್ತಾ ಬಂದವನಿಗೆ, ಅವರ ಮೇಲೆ ತುಂಬ ಪ್ರೀತಿ ಉಕ್ಕಿತು.

ಈ ನಡುವೆ ಯಾರೋ ಚಾಲಾಕಿಗಳು ಕೊನೆಯ ತುಂಡನ್ನು ತಾವೇ ಕಲ್ಪಿಸಿಕೊಂಡು ಮಾರಾಟಕ್ಕಿಟ್ಟರು. ಓರಗಿತ್ತಿ ಅದನ್ನು ಕೊಂಡು, ಓಡೋಡಿ ಬಂದು, ಈ ಸಲ ಅಣಕವಿಲ್ಲದೆಯೇ ಹೇಳಿದರು: “ಅಕ್ಕ, ನಂಗೆ ಗೋಡೆ ಖಾಲಿ ಇಡೋದಕ್ಕೆ ಮನಸ್ಸಿಲ್ಲ. ಯಾರಿಗೂ ಹೇಳಲ್ಲ. ಮುಗಿಸಿಬಿಡಿ.” ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ದಾರಿಯ ಕೊನೆಗೆ ಒಂದು ಕಾರಂಜಿಯಿತ್ತು, ಚೆನ್ನಾಗಿಯೂ ಇತ್ತು. “ಇನ್ನೊಬ್ಬರ ರೈಲಿಗೆ ಇವರು ಟಿಕೆಟ್ ಮಾರ್ತಿದ್ದಾರೆ,” ಎಂದು ಮಡಿಸಿ ಕೊಟ್ಟರು. ಓರಗಿತ್ತಿ ಮುಖ ಊದಿಸಿಕೊಂಡು ಹೋದರು.

ಆಮೇಲೆ ಅತ್ತೆ ತಮ್ಮ ಜೀವನದಲ್ಲಿ ಮೊದಲ ಬಾರಿಗೆ, ಯಾವ ಕಿಟಕಿಯನ್ನೂ ಯಾವ ಸ್ವೆಟರನ್ನೂ ನೋಡದೆ, ಖಾಲಿ ಗ್ರಾಫ್ ಹಾಳೆಯ ಮುಂದೆ ಕೂತರು. ಕಂಡದ್ದನ್ನು ಚೌಕಕ್ಕೆ ಇಳಿಸುವುದರಲ್ಲಿ ನಿಸ್ಸೀಮರಾದ ಅವರಿಗೆ ಕಾಣದ್ದನ್ನು ಇಳಿಸುವುದು ಬರಲಿಲ್ಲ. ಅಳಿಸಿದರು, ಬರೆದರು, ಪೆನ್ಸಿಲು ಕಚ್ಚಿದರು. ಹೆಗಲ ಮೇಲಿಂದ ಇಣುಕಿದ ಮಾವ, “ಹಸು ಚೆನ್ನಾಗಿ ಬಂದಿದೆ,” ಎಂದಾಗ ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅದು ಹಸುವಲ್ಲ, ಬೆಂಚು. ಮಾವ ಪಾಪ, ಹೊರಗೆ ಹೋಗಿ, ಅಂಗಳದಲ್ಲಿದ್ದ ಮರದ ಬೆಂಚನ್ನು ಎಳೆದು ತಂದು ಹೆಂಡತಿಯ ಎದುರಿಗಿಟ್ಟರು. “ಇದನ್ನ ನೋಡ್ಕೊಂಡು ಬರಿ. ನಮ್ಮದೇ. ಉಚಿತ,” ಎಂದರು.

ಹೀಗೆ ದಾರಿಯ ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿರುವಂಥ ಒಂದು ಬೆಂಚು ಬಂತು. ಅದರ ಮೇಲೆ ಒಂದು ದಾರದ ಉಂಡೆ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ. ಆ ನಕ್ಷೆಯನ್ನು ಅತ್ತೆ ನನ್ನ ಕೈಲೇ ಆ ಹೆಂಗಸಿನ ಪುಟದ ಕೆಳಗೆ ಹಾಕಿಸಿದರು. ಜೊತೆಗೆ ಬರೆಸಿದ ಮಾತು ಇಷ್ಟು: ‘ಇದು ನಿಮ್ಮ ಕೊನೆಯ ತುಂಡಲ್ಲ. ನೀವು ಬರುವವರೆಗೆ ಕಾಯೋದಕ್ಕೆ ಒಂದು ಬೆಂಚು. ಯಾರು ಬೇಕಾದರೂ ಕೂರಬಹುದು.’

ಬೈಯುತ್ತಿದ್ದವರೆಲ್ಲ ಬಂದು ಕೂತರು. ನೀಲಿ ಬೆಂಚು, ಕೆಂಪು ಬೆಂಚು, ಬೆಕ್ಕು ಮಲಗಿದ ಬೆಂಚು, ಎಣಿಕೆ ತಪ್ಪಿ ಮೂರೇ ಕಾಲಿನ ಮೇಲೆ ನಿಂತ ಬೆಂಚು, ಹೀಗೆ ಎಲ್ಲೆಲ್ಲಿಂದಲೋ ಚಿತ್ರಗಳು ಬರತೊಡಗಿದವು. ಅತ್ತೆ ಒಂದೊಂದನ್ನೂ ಕನ್ನಡಕ ಏರಿಸಿ ತಪಾಸಣೆ ಮಾಡಿ, ತಲೆಯಾಡಿಸಿ, ಮುಂದಿನದಕ್ಕೆ ಹೋಗುತ್ತಿದ್ದರು. ಕೊನೆಗೊಂದು ದಿನ ಆ ಹೆಂಗಸೇ ಬರೆದರು. ಕಣ್ಣಿನ ಚಿಕಿತ್ಸೆಯಾಗಿ ಬಹಳ ಕಾಲ ಸೂಜಿ ಹಿಡಿಯುವಂತಿರಲಿಲ್ಲವಂತೆ. ಈಗ ಪರವಾಗಿಲ್ಲ. ಕೊನೆಯ ತುಂಡು ತಯಾರಿದೆ, ಆದರೆ ತಾವೂ ಬೆಂಚನ್ನೇ ಹೊಲಿದಿದ್ದಾಗಿದೆ; ಈ ನಕ್ಷೆಗೆ ತಾವು ಎಷ್ಟು ಕೊಡಬೇಕು?

“ಎಷ್ಟು ಕೊಡಬೇಕಂತೆ,” ಎಂದರು ಅತ್ತೆ, ಅವಮಾನವಾದವರ ದನಿಯಲ್ಲಿ. “ನನ್ನನ್ನ ಯಾರು ಅಂದ್ಕೊಂಡಿದ್ದಾಳೆ.” ಹಾಗೆಂದು ತಮ್ಮ ಗ್ರಾಫ್ ಹಾಳೆಯ ಮೂಲೆಗೆ ಪಂಚು ಒತ್ತಿದರು. ಆಮೇಲೆ ಸ್ವಲ್ಪ ಹೊತ್ತು ಆ ತೂತನ್ನೇ ನೋಡುತ್ತಾ ಕೂತಿದ್ದರು.

ಸ್ಯಾಂಪ್ಲರು ಈಗ ಓರಗಿತ್ತಿಯವರ ಮುಂದಿನ ಕೋಣೆಯಲ್ಲಿದೆ, ಚಿನ್ನದ ಬಣ್ಣದ ಕಟ್ಟಿನೊಳಗೆ. ಕಳೆದ ವಾರ ನಾನು ಹೋಗಿದ್ದಾಗ ಅತಿಥಿಯೊಬ್ಬರು ಅದನ್ನು ನೋಡಿ, ನಕ್ಷೆ ಬಿಟ್ಟಿ ಸಿಕ್ಕಿದ್ದೇ ಎಂದು ಕೇಳಿದರು. ಓರಗಿತ್ತಿ ಕಾಫಿ ಲೋಟ ಕೆಳಗಿಟ್ಟು, “ಬಿಟ್ಟಿ ಅಲ್ಲ. ಉಚಿತ. ಎರಡೂ ಬೇರೆ,” ಎಂದು ತಿದ್ದಿದರು. ಅದಕ್ಕಿಂತ ಹೆಚ್ಚಿನ ಗೆಲುವನ್ನು ಅತ್ತೆ ಬಯಸಿರಲಿಲ್ಲ.

ಉಚಿತವಾದದ್ದನ್ನು ಹುಡುಕಿಕೊಂಡು ಅಲೆಯುವವರನ್ನು ನಾವು ಜಿಪುಣರೆಂದು ನಕ್ಕು ಕೈಬಿಡುತ್ತೇವೆ, ಅವರಲ್ಲಿ ಬಹುಮಂದಿ ಜಿಪುಣರೇ ಇರಲೂಬಹುದು. ಆದರೆ ಅವರ ನಡುವೆ ಟಿಕೆಟ್ ಅತ್ತೆಯಂಥ ಒಂದು ಜಾತಿಯೂ ಇದೆ. ಬೆಲೆಯಿಲ್ಲದೆ ಕೊಡುವವರು ಈ ಲೋಕದಲ್ಲಿ ಇನ್ನೂ ಇದ್ದಾರೆಯೇ ಎಂದು ಅವರು ಒಂದೊಂದು ಬಾಗಿಲನ್ನೂ ತಟ್ಟಿ ತಪಾಸಣೆ ಮಾಡುತ್ತಾ ಹೋಗುತ್ತಾರೆ. ಒಬ್ಬರು ಸಿಕ್ಕಿದರೆ ಅವರ ಸಂತೋಷಕ್ಕೆ ಪಾರವಿರುವುದಿಲ್ಲ. ಯಾರೂ ಸಿಗದ ದಿನ ಕೋಟಿನ ಜೇಬಿಗೆ ಕೈ ಹಾಕಿ, ಪೆನ್ಸಿಲು ತೆಗೆದು, ಆ ಜಾಗದಲ್ಲಿ ತಾವೇ ನಿಲ್ಲುತ್ತಾರೆ.