ಗಾಲ್ವೇಯ ಹದಿನಾಲ್ಕು ರೂಮುಗಳು

ಸಂಘಮಿತ್ರಾಳ ತಾಯಿ ಅಂಜನಮ್ಮ ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿದ್ದಳು. ವಾರ್ಡಿನ ನೆಲ ಒರೆಸುವುದು, ರೋಗಿಗಳ ಹಾಸಿಗೆ ಬದಲಿಸುವುದು, ಬಾತ್‌ರೂಮು ತೊಳೆಯುವುದು. ಮಗಳ ಜೊತೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಯಾರಿಗೂ ಇದು ಗೊತ್ತಿರಲಿಲ್ಲ. ಮೊದಲ ವರ್ಷವೇ ಗೆಳತಿ ಅನು, "ನಿಮ್ಮಮ್ಮ ಏನ್ಮಾಡ್ತಾರೆ?" ಎಂದು ಕೇಳಿದಾಗ ಸಂಘಮಿತ್ರಾ, "ಹಾಸ್ಪಿಟಲ್ಲಲ್ಲಿದಾರೆ" ಎಂದಷ್ಟೇ ಹೇಳಿದ್ದಳು. ಅನು ನರ್ಸ್ ಎಂದುಕೊಂಡಳು. ಸಂಘಮಿತ್ರಾ ತಿದ್ದಲು ಹೋಗಲಿಲ್ಲ.

ಮೂರನೆಯ ವರ್ಷದಲ್ಲಿ ಪ್ರೊಫೆಸರ್ ಚಕ್ರಪಾಣಿ ಕ್ಲಾಸಿಗೆ ಬಂದು, ಐರ್ಲೆಂಡಿನ ಗಾಲ್ವೇ ಎಂಬ ಊರಿನ ಯೂನಿವರ್ಸಿಟಿ ತಮ್ಮ ಕಾಲೇಜಿನ ಇಬ್ಬರನ್ನು ಫೀಸಿಲ್ಲದೆ ಕರೆಸಿಕೊಳ್ಳುತ್ತಿದೆ ಎಂದು ತಿಳಿಸಿದರು. ಒಂದು ಸೆಮಿಸ್ಟರ್ ಪಾಠ, ಆಮೇಲೆ ಆರು ತಿಂಗಳು ಅಲ್ಲಿಯ ಹೋಟೆಲಿನಲ್ಲಿ ಇಂಟರ್ನ್‌ಶಿಪ್. ಸಂದರ್ಶನದಲ್ಲಿ ಸಂಘಮಿತ್ರಾ, ಅನು ಇಬ್ಬರೂ ಆಯ್ಕೆಯಾದರು.

ಕುರುಬರಹಳ್ಳಿಯ ಸಂಘಮಿತ್ರಾಳ ಎರಡು ಕೋಣೆಯ ಮನೆಯಲ್ಲಿ ಆ ಸಂಜೆ ಯಾರೂ ಕೂತಲ್ಲಿ ಕೂರಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಅಪ್ಪ ಮುನಿಯಣ್ಣ, ತಮ್ಮಲ್ಲೇ ಅಚ್ಚಾದ ಶಾಲಾ ಭೂಪಟವೊಂದನ್ನು ತಂದು ನೆಲದ ಮೇಲೆ ಹರಡಿದ.

"ಇಷ್ಟೇ ಇಷ್ಟಿದೆಯಲ್ಲ ಐರ್ಲೆಂಡು!" ಎಂದಳು ಅಂಜನಮ್ಮ. "ಅಲ್ಲಿ ನೀನು ರಿಸೆಪ್ಷನ್ನಲ್ಲಿ ನಿಂತ್ಕೋತೀಯ ತಾನೆ?"

"ಹ್ಞೂಂ ಅಮ್ಮ, ಅದನ್ನೇ ಕೇಳಿದೀನಿ."

ಮರುದಿನ ವಾರ್ಡಿನ ಸಿಸ್ಟರಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರಿಗೂ ಅಂಜನಮ್ಮ ಸುದ್ದಿ ಹೇಳಿ ಬಂದಳು.

ಗಾಲ್ವೇಯಲ್ಲಿ ಪಾಠದ ತಿಂಗಳುಗಳು ಬೇಗ ಮುಗಿದವು. ಗಾಳಿಗೆ ಛತ್ರಿ ತಿರುವುಮುರುವಾಗುವ ಊರು ಅದು. ಇಬ್ಬರೂ ಛತ್ರಿ ಬಿಟ್ಟು ಟೋಪಿಯ ಜಾಕೆಟ್ಟಿಗೆ ಒಗ್ಗಿಕೊಂಡರು. ಏಪ್ರಿಲ್‌ನಲ್ಲಿ ಸಮುದ್ರದ ಎದುರಿನ ಹೋಟೆಲಿನಲ್ಲಿ ಇಂಟರ್ನ್‌ಶಿಪ್ ಶುರುವಾಯಿತು. ಅನು ರಿಸೆಪ್ಷನ್ನಿಗೆ ಹೋದಳು. ಸಂಘಮಿತ್ರಾಳ ಹೆಸರಿನ ಮುಂದೆ, ಮೊದಲ ಎಂಟು ವಾರ ಹೌಸ್‌ಕೀಪಿಂಗ್ ಎಂದು ಬರೆದಿತ್ತು.

ದಿನಕ್ಕೆ ಹದಿನಾಲ್ಕು ರೂಮು ಮುಗಿಸಬೇಕು. ಮೊದಲ ವಾರ ಅವಳಿಗೆ ಒಂಬತ್ತಕ್ಕಿಂತ ಹೆಚ್ಚು ಆಗಲಿಲ್ಲ. ಸೂಪರ್‌ವೈಸರ್ ಬ್ರೀಡಾ ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಪರೀಕ್ಷಿಸಲು ಬಂದವಳು ಹಾಸಿಗೆಯ ಮೂಲೆಯಲ್ಲಿ ಒಂದು ಸುಕ್ಕು ಕಂಡರೂ ಹೊದಿಕೆ ಎಳೆದುಹಾಕಿ, "ಇನ್ನೊಂದು ಸಲ" ಎನ್ನುತ್ತಿದ್ದಳು. ಸಂಘಮಿತ್ರಾಳ ಸೊಂಟ ಹಿಡಿದುಹೋಯಿತು, ಬೆರಳ ಸಂದುಗಳು ಒಡೆದವು. ಇದಕ್ಕಾಗಿ ಇಷ್ಟು ದೂರ ಬಂದೆನೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಮನೆಯವರಿಗೆ ಮಾತ್ರ ರಿಸೆಪ್ಷನ್ನಿನಲ್ಲೇ ಇದ್ದೇನೆ ಎಂದಿದ್ದಳು.

ಎರಡನೆಯ ವಾರದ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ ಅಂಜನಮ್ಮನ ವಿಡಿಯೋ ಕಾಲ್ ಬಂತು. ಬೆಂಗಳೂರಿನಲ್ಲಿ ಆಗ ಸಂಜೆ ಐದು. ಡ್ಯೂಟಿ ಮುಗಿಸಿ ಅಮ್ಮ ಆಗಷ್ಟೇ ಮನೆಗೆ ಬಂದಿದ್ದಳು. ಸಂಘಮಿತ್ರಾ ತಾನೆಲ್ಲಿದ್ದೇನೆ ಎಂಬುದನ್ನು ಮರೆತು ಕಾಲ್ ತೆಗೆದುಬಿಟ್ಟಳು. ಅವಳ ಹಿಂದೆ ಬಟ್ಟೆಯ ತಳ್ಳುಗಾಡಿ ಕಾಣುತ್ತಿತ್ತು, ಕೈಯಲ್ಲಿ ರಬ್ಬರ್ ಗ್ಲೌಸ್ ಇತ್ತು.

ಅಂಜನಮ್ಮ ಫೋನನ್ನು ಹತ್ತಿರ ಹಿಡಿದು ನೋಡಿದಳು. "ಹೌಸ್‌ಕೀಪಿಂಗಾ?"

ಸಂಘಮಿತ್ರಾಳಿಗೆ ಅಳು ತಡೆಯಲಾಗಲಿಲ್ಲ. "ನನ್ ಕೈಲಿ ಆಗ್ತಾ ಇಲ್ಲ ಅಮ್ಮ. ದಿನಾ ಬೈಸ್ಕೋತೀನಿ."

"ಅಳ್ಬೇಡ. ಎಷ್ಟು ರೂಮು ಕೊಡ್ತಾರೆ? ಹಾಸಿಗೆ ಸುತ್ತ ಎಷ್ಟು ಸಲ ಓಡಾಡ್ತೀಯ?"

"ಲೆಕ್ಕ ಹಾಕಿಲ್ಲ. ಐದಾರು ಸಲ."

"ಅದಕ್ಕೇ ಮತ್ತೆ! ನೋಡಿಲ್ಲಿ." ಅಂಜನಮ್ಮ ಫೋನನ್ನು ಕಿಟಕಿಗೆ ಒರಗಿಸಿ, ಮಂಚದ ಮೇಲಿನ ಬೆಡ್‌ಶೀಟು ಕಿತ್ತು ಹೊಸದಾಗಿ ಹಾಸಿ ತೋರಿಸಿದಳು. "ತಲೆಕಡೆ ನಿಂತ್ಕೊಂಡು ಒಂದು ಪಕ್ಕ ಪೂರ್ತಿ ಮುಗಿಸು. ಆಮೇಲೆ ಆ ಪಕ್ಕಕ್ಕೆ ಹೋಗು. ವಾಪಸ್ ಬರ್ಬಾರ್ದು. ಬಗ್ಬೇಡ, ಮಂಡಿ ಮಡಚು. ಮೂಲೆ ಹಿಂಗೆ ಎತ್ತಿ, ಹಿಂಗೆ ಒಳಗೆ ಸೇರ್ಸು. ಬಾತ್‌ರೂಮಿಗೆ ಮೊದ್ಲೇ ಸೋಪು ಹಾಕ್ಬಿಡು, ನೀನು ಹಾಸಿಗೆ ಮಾಡೋಷ್ಟರಲ್ಲಿ ಅದು ನೆನೆದಿರತ್ತೆ."

ಹಿಂದಿನಿಂದ ಮುನಿಯಣ್ಣ, "ಕಾಫಿ ಆರಿಹೋಯ್ತು ಕಣೇ" ಎಂದು ಕೂಗುತ್ತಿದ್ದ. ಅಂಜನಮ್ಮ ತಿರುಗಿ ನೋಡಲಿಲ್ಲ. ಮತ್ತೆ ಎರಡು ಸಲ ಹಾಸಿ ತೋರಿಸಿದಳು.

ಆ ವಾರದ ಕೊನೆಗೆ ಸಂಘಮಿತ್ರಾ ಹನ್ನೆರಡು ರೂಮು ಮುಗಿಸಿದಳು. ಮುಂದಿನ ವಾರ ಹದಿನಾಲ್ಕು. ಬ್ರೀಡಾ ಮೂಲೆಗಳನ್ನು ಮುಟ್ಟಿ ನೋಡಿ, ಏನೂ ಹೇಳದೆ ಮುಂದಿನ ರೂಮಿಗೆ ಹೋಗತೊಡಗಿದಳು.

ಐದನೆಯ ವಾರ ಇಪ್ಪತ್ತೇಳನೆಯ ರೂಮಿಗೆ, ಮೊಮ್ಮಗನ ಮದುವೆಗೆಂದು ಎಂಬತ್ತು ದಾಟಿದ ಒಬ್ಬ ಅಜ್ಜಿ ಬಂದಳು. ಮೊದಲ ಬೆಳಗ್ಗೆ ಸಂಘಮಿತ್ರಾ ಬಾಗಿಲು ತಟ್ಟಿದಾಗ, "ಇವತ್ತು ಬೇಡಮ್ಮ" ಎಂದಳು. ಎರಡನೆಯ ದಿನವೂ ಅದೇ ಮಾತು. ಬಾಗಿಲ ಸಂದಿಯಿಂದ ಬಂದ ವಾಸನೆಗೆ ಸಂಘಮಿತ್ರಾಳಿಗೆ ವಿಷಯ ಅರ್ಥವಾಯಿತು. ಅಜ್ಜಿ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡಿದ್ದಳು. ಅವಳ ಹಿಂದೆ ಸೂಟ್‌ಕೇಸು ಅರ್ಧ ತುಂಬಿ ತೆರೆದಿತ್ತು.

"ಮದುವೆ ನಾಡಿದ್ದಲ್ಲವೇ?" ಎಂದು ಸಂಘಮಿತ್ರಾ ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ಇರುವುದಿಲ್ಲ. ಹುಷಾರಿಲ್ಲ ಎಂದು ಮಗನಿಗೆ ಹೇಳುತ್ತೇನೆ."

ಸಂಘಮಿತ್ರಾ ಹನ್ನೊಂದು ವರ್ಷದವಳಾಗಿದ್ದಾಗ, ಶಾಲೆಗೆ ರಜೆಯಿದ್ದ ಒಂದು ದಿನ ವಾರ್ಡಿನ ಬೆಂಚಿನ ಮೇಲೆ ಕೂತು ಅಮ್ಮನ ಕೆಲಸ ನೋಡಿದ್ದಳು. ಹಾಸಿಗೆ ಕೆಡಿಸಿಕೊಂಡ ಮುದುಕನೊಬ್ಬ ತಲೆ ತಗ್ಗಿಸಿದ್ದ. ಅಮ್ಮ ಮೂಗು ಮುಚ್ಚಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನ ಊರಿನ ಹಲಸಿನ ಹಣ್ಣಿನ ಬಗ್ಗೆ ಕೇಳುತ್ತಾ ಕೇಳುತ್ತಾ ಹಾಸಿಗೆ ಬದಲಿಸಿಬಿಟ್ಟಿದ್ದಳು.

"ಮದುಮಗಳು ಹೇಗಿದ್ದಾಳೆ? ಫೋಟೋ ಇದೆಯೇ?" ಎಂದು ಕೇಳುತ್ತಾ ಸಂಘಮಿತ್ರಾ ಒಳಗೆ ಬಂದಳು. ಅಜ್ಜಿ ಕುರ್ಚಿಯಲ್ಲಿ ಕೂತು ಚೀಲದಲ್ಲಿ ಫೋಟೋ ಹುಡುಕುವಷ್ಟರಲ್ಲಿ, ಹಾಸಿಗೆಯ ಬಟ್ಟೆ ಒಳಮುಖವಾಗಿ ಸುರುಳಿಯಾಗಿ ತಳ್ಳುಗಾಡಿ ಸೇರಿತ್ತು, ಕಿಟಕಿ ತೆರೆದಿತ್ತು. ಹಾಸಿಗೆ ಒರೆಸಿ, ಹೊಸ ಹೊದಿಕೆ ಹಾಕಿ, ಇನ್ನೊಂದು ಜೊತೆ ಬೆಡ್‌ಶೀಟನ್ನೂ ನೀರು ಇಳಿಯದ ಒಂದು ಹಾಸನ್ನೂ ಬೀರುವಿನ ಕೆಳಗಿನ ಅರೆಯಲ್ಲಿಟ್ಟಳು. "ಇವು ಇಲ್ಲೇ ಇರುತ್ತವೆ. ನೀವು ಯಾರನ್ನೂ ಕೇಳಬೇಕಾಗಿಲ್ಲ. ಬೆಳಗ್ಗೆ ಮೊದಲು ನಿಮ್ಮ ರೂಮಿಗೇ ಬರುತ್ತೇನೆ."

ಅಜ್ಜಿ ಅವಳ ಕೈ ಹಿಡಿದುಕೊಂಡಳು. ಮದುವೆಯ ದಿನ ನೀಲಿ ಟೋಪಿ ಹಾಕಿಕೊಂಡು ಮಗನ ತೋಳು ಹಿಡಿದು ಕಾರು ಹತ್ತಿದಳು.

ಊರಿಗೆ ಹೊರಡುವ ಮುಂಚೆ ಅಜ್ಜಿ ತಾನಾಗಿ ಬ್ರೀಡಾಳನ್ನು ಕರೆದು ಎಲ್ಲವನ್ನೂ ಹೇಳಿದ್ದಳು. ಮಧ್ಯಾಹ್ನ ಊಟದ ಮೇಜಿನ ಬಳಿ ಬ್ರೀಡಾ ಬಂದು ನಿಂತಳು. "ಇದನ್ನು ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ಯಾರು ಕಲಿಸಿದರು?"

ಪಕ್ಕದಲ್ಲೇ ಅನು ಸೂಪು ಕುಡಿಯುತ್ತಿದ್ದಳು. ಸಂಘಮಿತ್ರಾ ಒಮ್ಮೆ ಅವಳ ಕಡೆ ನೋಡಿದಳು. "ನಮ್ಮಮ್ಮ," ಎಂದಳು. "ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾರೆ. ಹದಿನೆಂಟು ವರ್ಷದಿಂದ."

"ಅವರಿಗೆ ನನ್ನ ನಮಸ್ಕಾರ ತಿಳಿಸು," ಎಂದು ಹೇಳಿ ಬ್ರೀಡಾ ಹೋದಳು.

ಅನು ಚಮಚ ಕೆಳಗಿಟ್ಟಳು. "ಮೂರು ವರ್ಷ ಯಾಕೇ ಹೇಳ್ಲಿಲ್ಲ?"

"ನೀವೆಲ್ಲ ಹೆಂಗ್ ನೋಡ್ತೀರೋ ಅಂತ..."

"ನಾನೇನ್ ನೋಡ್ತಿದ್ದೆ? ನನ್ನ ಇಷ್ಟೇನಾ ತಿಳ್ಕೊಂಡಿರೋದು? ಹೋಗೇ!" ಅನು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಚಿತ್ರಾನ್ನ ಕಲಸಿಕೊಂಡು ರೂಮಿಗೆ ಬಂದಳು.

ಭಾನುವಾರ ಸಂಘಮಿತ್ರಾ ಅಮ್ಮನಿಗೆ ಫೋನು ಮಾಡಿ, ಕಾಲೇಜಿನಲ್ಲಿ ಮುಚ್ಚಿಟ್ಟಿದ್ದನ್ನೂ ಸೇರಿಸಿ ಎಲ್ಲ ಒಪ್ಪಿಕೊಂಡಳು.

"ನಂಗೊತ್ತಿತ್ತು ಕಣೇ," ಎಂದಳು ಅಂಜನಮ್ಮ. "ಏರ್‌ಪೋರ್ಟಲ್ಲಿ ಅನು ನನ್ನ ಕೇಳಿದ್ಲು, ಆಂಟಿ, ಯಾವ ವಾರ್ಡಲ್ಲಿ ಸಿಸ್ಟರ್ ನೀವು ಅಂತ. ಮೇಲಿನ ವಾರ್ಡಮ್ಮ ಅಂದೆ. ನೀನು ಅಪ್ಪನ ಜೊತೆ ಆಚೆ ಇದ್ದೆ. ಏನ್ ಮಾಡ್ಲಿ, ನಿನ್ನ ಮಾತು ಸುಳ್ಳು ಮಾಡೋಕಾಗತ್ತಾ?"

"ಬೇಜಾರಾಯ್ತಾ ಅಮ್ಮ?"

"ಆಯ್ತು. ಇಲ್ಲ ಅಂತ ಯಾಕೆ ಹೇಳ್ಲಿ? ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ." ಆಮೇಲೆ ಅವಳೇ ಕೇಳಿದಳು: "ಅದಿರ್ಲಿ, ಆ ಅಜ್ಜಿ ಮದ್ವೇಲಿ ಸರಿಯಾಗಿ ಊಟ ಮಾಡಿದ್ರಂತಾ?"

ಸಂಘಮಿತ್ರಾ ಅಳುತ್ತಲೇ ನಕ್ಕಳು. ಮದುವೆಯ ಸುದ್ದಿಯನ್ನೆಲ್ಲ ಅಮ್ಮ ಬಿಡಿಸಿ ಬಿಡಿಸಿ ಕೇಳಿದಳು.

ಎಂಟು ವಾರ ಮುಗಿದ ಮೇಲಿನ ಸೋಮವಾರ ಸಂಘಮಿತ್ರಾ ರಿಸೆಪ್ಷನ್ನಿಗೆ ಹೋದಳು. ಡಿಗ್ರಿ ಮುಗಿಸಿದ ಮೇಲೆ ಟ್ರೈನಿಯಾಗಿ ಬರಲು ಅರ್ಜಿ ಹಾಕು, ನಾನು ಶಿಫಾರಸು ಬರೆಯುತ್ತೇನೆ ಎಂದು ಬ್ರೀಡಾ ಹೇಳಿದ್ದಳು. ಹತ್ತು ಗಂಟೆಗೆ ಕೈಕೂಸಿನೊಂದಿಗೆ ದಂಪತಿ ಬಂದು, ಮಗು ಮಲಗಲು ಗದ್ದಲವಿಲ್ಲದ ರೂಮು ಬೇಕು ಎಂದರು. ಯಾವ ರೂಮು ಖಾಲಿಯಿದೆ ಎಂಬುದಷ್ಟನ್ನೇ ಸಂಘಮಿತ್ರಾ ಕಂಪ್ಯೂಟರಿನಲ್ಲಿ ನೋಡಿದಳು. ಯಾವ ರೂಮಿನ ಕಿಟಕಿ ಯಾವ ಕಡೆಗೆ ತೆರೆಯುತ್ತದೆ, ಯಾವುದಕ್ಕೆ ಗಾಳಿ ಬಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೂವತ್ತೊಂದರ ಕೀ ತೆಗೆದು ಅವರ ಮುಂದಿಟ್ಟಳು.