ಸೂಟ್‌ಕೇಸಿಗೆ ಹೋದ ಇನ್ಸುಲಿನ್

ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವಲ್ಲ ಅದು. ನಾನು ಮಾಡಿದೆ. ಹೊರಡುವ ದಿನ ಬೆಳಿಗ್ಗೆ, ಅಮೆರಿಕದ ಪ್ಲೇನೋ ಊರಿನ ನಮ್ಮ ಮನೆಯಲ್ಲಿ, ಮಗಳು ಗಾರ್ಗಿಯ ಕೈಚೀಲದಿಂದ ಇನ್ಸುಲಿನ್, ಸಿರಿಂಜು, ಡಾಕ್ಟರ್ ಬರೆದುಕೊಟ್ಟ ಪತ್ರ ಎಲ್ಲವನ್ನೂ ತೆಗೆದು ದೊಡ್ಡ ಸೂಟ್‌ಕೇಸಿನ ಸೀರೆಗಳ ನಡುವೆ ತುರುಕಿದೆ.

ಎರಡು ಸಾವಿರದ ಎರಡರ ಡಿಸೆಂಬರ್. ಏರ್‌ಪೋರ್ಟಿನಲ್ಲಿ ಕೈಚೀಲಗಳನ್ನು ಎಲ್ಲರೆದುರು ಮೇಜಿನ ಮೇಲೆ ಬಿಚ್ಚಿ ನೋಡುತ್ತಿದ್ದ ಕಾಲ. ಗಾರ್ಗಿಯನ್ನು ಸೊಸೆಯಾಗಿ ಒಪ್ಪಿದ್ದ ಕುಮುದಾ ಅದೇ ವಿಮಾನದಲ್ಲಿ ನಮ್ಮ ಜೊತೆಗಿದ್ದರು. ನಿಶ್ಚಿತಾರ್ಥ ಮೈಸೂರಿನಲ್ಲಿ. ಗಾರ್ಗಿಗೆ ಹನ್ನೊಂದನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ ಎಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ. ಅದರಿಂದಲೇ ಎರಡು ಸಂಬಂಧ ತಪ್ಪಿದ್ದವು.

"ಅಮ್ಮಾ, ಸೀರಿಯಸ್ಲಿ, ಫ್ಲೈಟಲ್ಲಿ ನಂಗದು ಬೇಕೇ ಬೇಕು. ನಾನೇ ಅವ್ರಿಗೆ ಹೇಳ್ತೀನಿ ಬಿಡು."

"ಬಾಯಿ ಬಿಟ್ರೆ ನನ್ನಾಣೆ! ಈಗೊಂದು ಚುಚ್ಕೋ, ಇನ್ನೊಂದು ಊರಲ್ಲಿ. ಒಂದಿನಕ್ಕೆ ಏನೂ ಆಗಲ್ಲ."

ಯಾವ ಮೆಡಿಕಲ್ ಕಾಲೇಜಿನಲ್ಲಿ ಓದಿ ಬಂದಿದ್ದೆನೋ, ಮಹಾತಾಯಿ!

ತಪಾಸಣೆಯ ಮೇಜಿನ ಮೇಲೆ ಕುಮುದಾ ತಾವೇ ಒಂದು ಪುಟ್ಟ ಚೀಲ ಇಟ್ಟರು. ಇನ್ಸುಲಿನ್, ಸಿರಿಂಜು, ಮೇಲೊಂದು ಪತ್ರ. ಅಧಿಕಾರಿ ಓದಿ ವಾಪಸು ಕೊಟ್ಟ.

"ನಂಗೆ ಶುಗರ್ ಕಣ್ರೀ. ಲೆಟರ್ ಇದ್ರೆ ಇವ್ರು ಏನೂ ಅನ್ನಲ್ಲ," ಎಂದು ನಕ್ಕರು.

ಗಾರ್ಗಿ ನನ್ನನ್ನೇ ನೋಡಿದಳು. ನಾನು ಬಗ್ಗಿ ಶೂ ಕಟ್ಟಿಕೊಂಡೆ. ಗಂಡು ಹೆತ್ತವರಿಗೆ ಏನಿದ್ದರೂ ನಡೆಯುತ್ತದೆ, ನಮಗೆ ನಡೆಯುತ್ತದೆಯೇ ಎಂದುಕೊಂಡೆ.

ಫ್ರಾಂಕ್‌ಫರ್ಟಿನಲ್ಲಿ ಹಿಮ ಬೀಳುತ್ತಿತ್ತು. ಮುಂದಿನ ವಿಮಾನ ಒಂಬತ್ತು ಗಂಟೆ ತಡ. ಸೂಟ್‌ಕೇಸ್ ಸಿಗುವುದು ಬೆಂಗಳೂರಿನಲ್ಲೇ. ಗಾರ್ಗಿ ಬಾಟಲಿ ಮೇಲೆ ಬಾಟಲಿ ನೀರು ಕುಡಿದಳು, ಎರಡು ಸಲ ವಾಂತಿ ಮಾಡಿದಳು. ಏದುಸಿರು ಬಿಡುತ್ತಿದ್ದಳು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು.

"ಏನಾಯ್ತ್ರೀ ಮಗೂಗೆ?" ಕುಮುದಾ ಕೇಳಿದರು.

"ಫ್ಲೈಟ್ ಊಟ ಒಗ್ಗಿಲ್ಲ ಅಷ್ಟೆ."

ಆ ಚೀಲ ಆಗ ಅವರ ಮಡಿಲಲ್ಲೇ ಇತ್ತು, ನನ್ನ ಕೈಗೆಟುಕುವಷ್ಟು ಹತ್ತಿರ. ಗಾರ್ಗಿ ಅದನ್ನೇ ನೋಡುತ್ತಿದ್ದಳು. ಆದರೂ ಆಣೆ ಮುರಿಯಲಿಲ್ಲ. ನಾನೂ ಕೇಳಲಿಲ್ಲ. ನನ್ನ ಬಾಯಿಗೆ ಏನು ಬಡಿದಿತ್ತು?

ಮಧ್ಯಾಹ್ನ ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು. ಏರ್‌ಪೋರ್ಟಿನ ಡಾಕ್ಟರ್ ಓಡಿಬಂದು, ಇವಳಿಗೆ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದರು. ಆಗಲೂ, ಸುಟ್ಟುಬರಲಿ ನನ್ನ ಮಾನ, ನಾನು ಮೊದಲು ನೋಡಿದ್ದು ಕುಮುದಾರ ಮುಖವನ್ನು. ಗಾರ್ಗಿಯ ಕಣ್ಣು ಅರ್ಧ ತೆರೆದಿತ್ತು. ಅದನ್ನು ನೋಡಿದಳು.

"ಶುಗರೇನ್ರೀ? ಹೇಳ್ರೀ, ಮಗು ಸಾಯ್ತಿದೆ!" ಕುಮುದಾ ಕಿರುಚಿದರು.

ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರಿಗೆ ಹೇಳಿದವರೂ ಅವರೇ.

ನಾಲ್ಕು ದಿನ ಕಣ್ಣು ಬಿಡಲಿಲ್ಲ, ಆಮೇಲೆ ಬದುಕಿದಳು. ಮದುವೆಯೂ ಆಯಿತು, ಕುಮುದಾ ಅಡ್ಡಿ ಮಾಡಲಿಲ್ಲ. ಈಗ ಅತ್ತೆ ಸೊಸೆ ಹೂಸ್ಟನ್‌ನಲ್ಲಿ ಒಂದೇ ಮನೆಯಲ್ಲಿದ್ದಾರೆ. ನಾನು ಫೋನ್ ಮಾಡಿದರೆ ಗಾರ್ಗಿ "ಐಯಾಮ್ ಫೈನ್" ಎಂದು ಇಟ್ಟುಬಿಡುತ್ತಾಳೆ.

ಕಳೆದ ತಿಂಗಳು ಹೋಗಿದ್ದೆ. ಅವಳು ಮತ್ತೆ ಊರಿಗೆ ಹೊರಟಿದ್ದಳು. ಡಾಕ್ಟರ ಹೊಸ ಪತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ತುರ್ತಿಗೆ ಯಾರನ್ನು ಕರೆಯಬೇಕು ಎಂಬಲ್ಲಿ ಗಾರ್ಗಿಯ ಕೈಬರಹವಿತ್ತು. ಹೆಸರು, ಕುಮುದಾ. ಸಂಬಂಧ, ತಾಯಿ.